ಮೂರು ಜನ ಹೊರಟರೆ

ಮೊನ್ನೆ ಬೆಳಿಗ್ಗೆ ಮೊಮ್ಮಗಳು ತಟ್ಟೆಗೆ ಮೂರು ಇಡ್ಲಿ ಹಾಕಿ ನನ್ನ ಮುಂದೆ ಇಟ್ಟಳು. ನಾನು ತಟ್ಟೆ ನೋಡಿದೆ, ಅವಳ ಮುಖ ನೋಡಿದೆ.

"ಇನ್ನೊಂದ್ ಆಕು, ಇಲ್ಲ ಒಂದ್ ಎತ್ಕೊ."

"ಮೂರೇ ಸಾಕು ಅಂದಿದ್ದು ನೀನೇ ಅಲ್ವಾ ಅಜ್ಜಿ?"

"ಒಟ್ಟೆಗೆ ಮೂರು ಸಾಕು ಕಣವ್ವ. ತಟ್ಟೆಗೆ ಸಾಲಾಕಿಲ್ಲ."

ಅವಳು ಗೊಣಗುತ್ತಾ ಇನ್ನೊಂದು ಇಡ್ಲಿಯಿಂದ ಉಗುರಿನಷ್ಟು ಚೂರು ಮುರಿದು ಪಕ್ಕಕ್ಕೆ ಇಟ್ಟಳು. ಈಗ ಮೂರೂ ಚಿಲ್ಲರೆ ಆಯಿತು. ದೋಷ ಹೋಯಿತು. ತಿಂದೆ.

ಮೂರು ಯಾಕೆ ಬಡಿಸಬಾರದು ಅಂತ ನನ್ನನ್ನು ಕೇಳಬೇಡಿ. ಸತ್ತವರ ಎಡೆಗೆ ಇಡುವ ಲೆಕ್ಕ ಅದು ಅಂತ ಕೆಲವರು ಹೇಳುತ್ತಾರೆ, ತಿಂದವರಿಗೂ ಬಡಿಸಿದವರಿಗೂ ಜಗಳ ಆಗುತ್ತದೆ ಅಂತ ಇನ್ನು ಕೆಲವರು. ನನಗೂ ನನ್ನ ಮೊಮ್ಮಗಳಿಗೂ ಎರಡು ಇಡ್ಲಿ ತಿಂದ ದಿನವೂ ಜಗಳ ಆಗುತ್ತದೆ, ನಾಲ್ಕು ತಿಂದ ದಿನವೂ ಆಗುತ್ತದೆ. ನಮ್ಮವ್ವ ಬಡಿಸಬಾರದು ಅಂದಳು, ನಾನು ಬಡಿಸಲಿಲ್ಲ, ಅಷ್ಟೆ. ನಮ್ಮವ್ವನಿಗೆ ಅವಳ ಅವ್ವ ಅಂದಿರಬೇಕು. ಅವರಲ್ಲಿ ಒಬ್ಬರಾದರೂ ಯಾಕೆ ಅಂತ ಕೇಳಿದ್ದರೆ ನನಗೆ ಈಗ ಉತ್ತರ ಗೊತ್ತಿರುತ್ತಿತ್ತು.

ಹಾಗೆ ನೋಡಿದರೆ ಈ ಮೂರಕ್ಕೂ ನನಗೂ ಹಳೇ ನಂಟು. ನಾನು ಓದಿದ್ದು ಮೂರನೇ ಕ್ಲಾಸು. ಮಗ್ಗಿ ಬರುವುದೂ ಮೂರರವರೆಗೆ. ಮೂರೊಂದ್ಲ ಮೂರು, ಮೂರೆರಡ್ಲ ಆರು ಅಂತ ಈಗಲೂ ನಿದ್ದೆಗಣ್ಣಿನಲ್ಲಿ ಹೇಳುತ್ತೇನೆ. ನಾಲ್ಕರ ಮಗ್ಗಿ ಶುರುವಾಗುವ ಹೊತ್ತಿಗೆ ಮನೆಗೆ ಎಮ್ಮೆ ಬಂತು, ಎಮ್ಮೆ ಕಾಯಲು ನಾನು ಹೋದೆ. ಇದನ್ನು ಬರೆಯುತ್ತಿರುವುದು ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ, ನನ್ನ ಕೈಲಾಗುವುದಿಲ್ಲ.

ನಮ್ಮವ್ವ ನಮ್ಮನ್ನು ಕರೆಯುವಾಗ ಮೂರು ಎಣಿಸುತ್ತಿದ್ದಳು. "ಮೂರ್ ಅನ್ನದ್ರೊಳ್ಗೆ ಬರ್ಬೇಕು." ಬೇರೆ ಮನೆಯ ಅವ್ವಂದಿರು ಒಂದು ಅಂದು, ಎರಡು ಅಂದು, ಎರಡೂವರೆ ಅಂದು, ಮಕ್ಕಳು ಓಡಿ ಬರುವಷ್ಟು ಪುರುಸೊತ್ತು ಕೊಡುತ್ತಿದ್ದರು. ನಮ್ಮವ್ವ ಒಂದಾದ ಮೇಲೆ ನೇರ ಮೂರಕ್ಕೆ ಬರುತ್ತಿದ್ದಳು. ಎರಡು ಎಲ್ಲಿ ಹೋಯಿತು ಅಂತ ಕೇಳಿದ್ದಕ್ಕೆ ನನ್ನ ತಮ್ಮ ಶಿವಣ್ಣನಿಗೆ ಎರಡು ಬಿದ್ದವು. ಅವತ್ತಿನಿಂದ ಅವನು ಲೆಕ್ಕ ಕೇಳುವುದು ಬಿಟ್ಟ, ಶಕುನ ಕೇಳುವುದು ಹಿಡಿದುಕೊಂಡ.

ಮಗು ಅತ್ತರೆ ಉಪ್ಪು ಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಬೇಕು, ಮೂರು ಸಲ ಥೂ ಅನ್ನಬೇಕು. ಎರಡು ಸಲ ಉಗಿದರೆ ದೃಷ್ಟಿ ಹೋಗುವುದಿಲ್ಲ, ನಾಲ್ಕು ಸಲ ಉಗಿದರೆ ಎದುರಿಗಿದ್ದವರು ಕೋಪ ಮಾಡಿಕೊಳ್ಳುತ್ತಾರೆ. ಒಲೆಗೆ ಮೂರು ಕಲ್ಲು. ಆ ಕಾಲದ ಒಲೆ ಎಂಥ ಏರುಪೇರು ನೆಲದಲ್ಲೂ ಅಲ್ಲಾಡುತ್ತಿರಲಿಲ್ಲ. ಈಗಿನ ಗ್ಯಾಸ್ ಒಲೆಗೆ ನಾಲ್ಕು ಕಾಲು, ಒಂದರ ಕೆಳಗೆ ರಟ್ಟು ಮಡಚಿ ಇಟ್ಟಿದ್ದೇವೆ. ಮದುವೆಯಲ್ಲಿ ತಾಳಿಗೆ ಮೂರು ಗಂಟು. ನನಗೆ ಎರಡು ಗಂಟು ಹಾಕಿದ್ದು ಗಂಡ, ಮೂರನೆಯದು ನಾದಿನಿ. ಆ ಮೂರನೆಯದೇ ಜಾಸ್ತಿ ಬಿಗಿಯಾಗಿತ್ತು.

ಬೈಯುವುದಕ್ಕೂ ಮೂರು ಬೇಕು. ಮನೆ ಹಾಳಾದರೆ ಮೂರಾಬಟ್ಟೆ ಆಯಿತು ಅನ್ನುತ್ತಾರೆ. ನಾಚಿಕೆ ಇಲ್ಲದವಳನ್ನು ಮೂರೂ ಬಿಟ್ಟವಳು ಅನ್ನುತ್ತಾರೆ. ಆ ಮೂರು ಯಾವುವು ಅಂತ ನಾನು ಚಿಕ್ಕವಳಿದ್ದಾಗ ಒಂದು ಸಲ ತುಂಬಿದ ಮನೆಯಲ್ಲಿ ಕೇಳಿದೆ. ನನ್ನನ್ನು ನೀರು ತರಲು ಕಳಿಸಿದರು. ಕೆಲವು ಸಲ ನನ್ನನ್ನೂ ಹಾಗೆ ಅಂದಿದ್ದಾರೆ. ಏನೇನು ಬಿಟ್ಟಿದ್ದೇನೆ ಅಂತ ಗೊತ್ತಿಲ್ಲದೆ ಕೋಪ ಮಾಡಿಕೊಳ್ಳುವುದು ಹೇಗೆ?

ನಮ್ಮ ಹುಣಸೂರು ಕಡೆ ಹೊಗೆಸೊಪ್ಪು ಬೆಳೆಯುತ್ತೇವಲ್ಲ, ಹಸಿ ಎಲೆಯನ್ನು ಮೂರು ಮೂರು ಜೋಡಿಸಿ ಕಡ್ಡಿಗೆ ಕಟ್ಟುತ್ತೇವೆ. ಕಣ್ಣು ಎಲ್ಲೋ ಇರುತ್ತದೆ, ಬಾಯಿ ಯಾರದೋ ಮನೆ ವಿಷಯ ಮಾತಾಡುತ್ತಿರುತ್ತದೆ, ಕೈ ಮಾತ್ರ ಮೂರು ಎಲೆ ಎತ್ತುತ್ತಲೇ ಇರುತ್ತದೆ. ಐವತ್ತು ವರ್ಷದಲ್ಲಿ ನಾನು ಎಷ್ಟು ಮೂರು ಕಟ್ಟಿದ್ದೇನೋ. ಆ ಮೂರಕ್ಕೆ ದೋಷವಿಲ್ಲ. ಎಲೆ ಮೂರಾದರೆ ಒಳ್ಳೆಯ ಕಟ್ಟು, ಇಡ್ಲಿ ಮೂರಾದರೆ ಜಗಳ, ಜನ ಮೂರಾದರೆ ಕೆಲಸವೇ ಕೆಟ್ಟುಹೋಯಿತು. ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಡಬಾರದು. ಹೊರಡಲೇಬೇಕಾಗಿ ಬಂದರೆ ಒಂದು ಕಲ್ಲು ಎತ್ತಿಕೊಳ್ಳಬೇಕು. ಕಲ್ಲೇ ನಾಲ್ಕನೆಯವರು.

ಹೋದ ವರ್ಷ ನಾವು ಹಾಗೇ ಹೊರಟೆವು.

ಶಿವಣ್ಣನಿಗೆ ಒಬ್ಬಳೇ ಮಗಳು, ಸವಿತ. ಹುಣಸೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಒಂದು ಕಡೆಯವರು ಹುಡುಗಿ ಎತ್ತರ ಅಂದರು. ಇನ್ನೊಂದು ಕಡೆಯವರು ಎಲ್ಲ ಒಪ್ಪಿಕೊಂಡು ಹೋಗಿ, ಫೋನು ಎತ್ತುವುದನ್ನೇ ನಿಲ್ಲಿಸಿದರು. ಈಗ ಬಂದದ್ದು ಮೂರನೆಯದು. ಸರಗೂರಿನ ಪಕ್ಕದ ಒಂದು ಹಳ್ಳಿಯವರು. ಹುಡುಗ ಮಂಜು, ಹತ್ತಿ, ರಾಗಿ ಬೆಳೆಯುತ್ತಾನೆ, ಸ್ವಂತ ಟ್ರ್ಯಾಕ್ಟರ್ ಇದೆ. ಅಪ್ಪ, ಅಮ್ಮ, ಇನ್ನೊಬ್ಬ ನೆಂಟರ ಜೊತೆ ಬಂದು ಹುಡುಗಿ ನೋಡಿ ಒಪ್ಪಿ ಹೋಗಿದ್ದರು. ಇನ್ನು ನಾವು ಹೋಗಿ ಅವರ ಮನೆ ನೋಡಿಕೊಂಡು ಬರಬೇಕಿತ್ತು.

ಹೊರಡುವ ಹಿಂದಿನ ದಿನ ಸವಿತ ನನ್ನನ್ನು ಹಿತ್ತಿಲಿಗೆ ಕರೆದಳು.

"ಅತ್ತೆ, ನಂಗೆ ಅವ್ರು ಒಪ್ಗೆ. ಆದ್ರೆ ಅವರಮ್ಮ ಅವತ್ತು ಬಂದಾಗಿಂದ ಒಂದ್ ಮಾತೂ ಆಡ್ಲಿಲ್ಲ. ನಾವೆಲ್ಲ ಕೂತಿದ್ರೆ ಅವ್ರು ಬಾಗ್ಲತ್ರನೇ ನಿಂತಿದ್ರು."

"ಅವ್ರಿಷ್ಟ ಕಣವ್ವ. ನಿಂತ್ರೆ ನಿಂಗೇನು?"

"ನಾಳೆ ನಾನೂ ಆ ಮನೇಲಿ ಅಂಗೇ ನಿಂತ್ಕೋಬೇಕಾ ಅಂತ. ಅಪ್ಪ ಜಮೀನ್ ನೋಡ್ಕಂಡ್ ಬತ್ತಾರೆ. ಅಮ್ಮ ನಲ್ಲೀಲಿ ನೀರು ಬತ್ತದಾ ಅಂತ ನೋಡ್ಕಂಡ್ ಬತ್ತಾಳೆ. ನೀನು ಅವರಮ್ಮನ್ನ ನೋಡ್ಕಂಡ್ ಬಾ. ನೀನು ಹೂಂ ಅಂದ್ರೆ ನಾನೂ ಹೂಂ ಅಂತೀನಿ."

ನನ್ನ ತಲೆಮೇಲೆ ಹಾಕಿದಳು. ಮೂರನೆಯದೂ ತಪ್ಪಿದರೆ ಹುಡುಗಿಯಲ್ಲೇ ಏನೋ ಇದೆ ಅಂತ ಊರಿನವರು ಆಡಿಕೊಳ್ಳುತ್ತಾರೆ. ಸುಮ್ಮನೆ ಹೂಂ ಅಂದು ಕಳಿಸಿಬಿಟ್ಟರೆ, ಹೋಗಿ ಬಾಳಬೇಕಾದವಳು ಅವಳು. ಜಮೀನನ್ನು ಮೆಟ್ಟಿ ನೋಡಬಹುದು, ನಲ್ಲಿಯನ್ನು ತಿರುಗಿಸಿ ನೋಡಬಹುದು. ಬಾಗಿಲ ಹತ್ತಿರ ನಿಂತ ಹೆಂಗಸನ್ನು ಅರ್ಧ ದಿನದಲ್ಲಿ ಹೇಗೆ ನೋಡುವುದು?

ನಾಲ್ಕು ಜನ ಬರುತ್ತೇವೆ ಅಂತ ಅವರಿಗೆ ಫೋನು ಹೋಗಿತ್ತು. ನಾನು, ಶಿವಣ್ಣ, ಅವನ ಹೆಂಡತಿ ಜಯಮ್ಮ, ಮತ್ತೆ ಪಕ್ಕದ ಮನೆಯ ಯಜಮಾನರು. ಬೆಳಿಗ್ಗೆ ನೋಡಿದರೆ ಅವರ ಹಸು ಕರು ಹಾಕಲು ಶುರುಮಾಡಿತ್ತು. ಅವರು ಹಟ್ಟಿಯಿಂದಲೇ ಕೈ ಮುಗಿದರು.

ಶಿವಣ್ಣ ಬೀದಿಯಲ್ಲಿ ಕೂತೇಬಿಟ್ಟ. "ಮೂರ್ ಜನ ಓಗದಾ? ಎರಡ್ ತಪ್ಪಿರದು ಸಾಲ್ದಾ? ನಾಳೀಕ್ ಓಗನ ಬುಡಿ."

"ನಾಳೀಕ್ ಇನ್ನೊಂದ್ ಹಸ ಈಯ್ತದೆ. ಕಲ್ ಎತ್ಕಂಡು ನಡೀರಿ," ಅಂದಳು ಜಯಮ್ಮ.

ನಾನು ದಾರಿ ಪಕ್ಕದಿಂದ ಕೈಗೆ ಸಿಕ್ಕ ಕಲ್ಲು ಎತ್ತಿದೆ. ಶಿವಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದ್ರ ಮೂಲೆ ಒಡ್ದದೆ ಕಣಕ್ಕ. ಒಳ್ಳೆ ಕೆಲ್ಸಕ್ಕೆ ಮುಕ್ಕಾಗಿರದ ತಕ್ಕಂಡ್ ಓಗದಾ?"

ಇನ್ನೊಂದು ಎತ್ತಿದೆ, ಚಿಕ್ಕದಾಯಿತು ಅಂದ. ಮತ್ತೊಂದು ತೀರಾ ಬೆಳ್ಳಗಿತ್ತು, ಬೇಡ ಅಂದ. ತನ್ನ ಮಗಳನ್ನು ಎತ್ತರ ಅಂದವರನ್ನು ಬೈದುಕೊಂಡು ಓಡಾಡಿದವನೇ ಇವನು. ಕೊನೆಗೆ ರಾಗಿಮುದ್ದೆ ಗಾತ್ರದ್ದು, ದುಂಡಗಿನ ಕರೀಕಲ್ಲು ಒಪ್ಪಿಗೆಯಾಯಿತು. ಒಪ್ಪಿದವನು ಅವನು, ಹೊತ್ತವಳು ನಾನು. ನನ್ನ ಎಲೆಯಡಿಕೆ ಚೀಲದೊಳಗೆ ಇಟ್ಟೆ. ಎಲೆ ನಜ್ಜುಗುಜ್ಜಾಯಿತು.

ಹುಣಸೂರಿನಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರ್ ಬಂದು ಎಷ್ಟು ಜನ ಅಂದ.

"ಹ್ಯಾಂಡ್‌ಪೋಸ್ಟ್‌ಗೆ ನಾಲ್ಕ್ ಜನ," ಅಂದ ಶಿವಣ್ಣ. ಬಾಯಿಬಿಟ್ಟು ನಾಲ್ಕು ಅನ್ನದಿದ್ದರೆ ಕಲ್ಲು ತಂದೂ ಪ್ರಯೋಜನವಿಲ್ಲ ಅಂತ ಅವನ ಲೆಕ್ಕ. "ಒಂದ್ ಗಂಡಸು, ಮೂರ್ ಹೆಂಗಸ್ರು." ಈಗ ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲವಲ್ಲ, ಅದಕ್ಕೇ ಕಲ್ಲು ಹೆಂಗಸಾಯಿತು.

"ಹೆಂಗಸ್ರು ಆಧಾರ್ ಕಾರ್ಡ್ ತೋರ್ಸಿ." ಜಯಮ್ಮ ತೋರಿಸಿದಳು, ನಾನು ತೋರಿಸಿದೆ. "ಇನ್ನೊಬ್ರುದು?"

ಶಿವಣ್ಣ ನನ್ನ ಮುಖ ನೋಡಿದ. ನಾನು ಚೀಲದ ಬಾಯಿ ತೆಗೆದು ಕಂಡಕ್ಟರ್ ಮುಂದೆ ಹಿಡಿದೆ. ಅವನು ಬಗ್ಗಿ ನೋಡಿದ. ನಮ್ಮ ಕಡೆಯವನೇ ಇರಬೇಕು, ಕಲ್ಲು ಯಾಕೆ ಅಂತ ಕೇಳಲಿಲ್ಲ.

"ಸಂಬಂಧ ನೋಡಾಕಾ?"

"ಊಂ ಕಣಪ್ಪ."

"ಇವ್ರ ಕಾರ್ಡ್ ಎಲ್ಲಜ್ಜಿ?"

"ನನ್ ಕಾರ್ಡ್ನೇ ಇನ್ನೊಂದ್ ಕಿತ ನೋಡ್ಕೊ. ಅದ್ರಾಗಿರ ಫೋಟೋ ಇದ್ರಂಗೇ ಅದೆ."

ಹಿಂದಿನ ಸೀಟಿನವರೆಲ್ಲ ನಕ್ಕರು. ಕಂಡಕ್ಟರ್ ಮಾತ್ರ ನಗದೆ, "ತೊಡೆ ಮ್ಯಾಲ್ ಕೂರುಸ್ಕಳಿ. ಚಿಕ್ಕೋರ್ಗೆ ಟಿಕೆಟ್ ಇಲ್ಲ," ಅಂದು ಮುಂದಕ್ಕೆ ಹೋದ. ಶಿವಣ್ಣ ಹ್ಯಾಂಡ್‌ಪೋಸ್ಟ್ ಬರುವವರೆಗೂ ಕಿಟಕಿ ಕಡೆ ತಿರುಗಿ ಕೂತಿದ್ದ. ಅಲ್ಲಿ ಇಳಿದ ಮೇಲೂ ಬುದ್ಧಿ ಬರಲಿಲ್ಲ, ಅಂಗಡಿಯಲ್ಲಿ ನಾಲ್ಕು ಟೀ ಹೇಳಿದ. ಆರಿಹೋಗುತ್ತದೆ ಅಂತ ನಾಲ್ಕನೆಯದನ್ನೂ ನಾನೇ ಕುಡಿದೆ.

ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸರಗೂರಿಗೆ ಬಂದು, ಆಟೋದಲ್ಲಿ ಹುಡುಗನ ಮನೆಗೆ ಹೋದೆವು. ಕೈಕಾಲಿಗೆ ನೀರು ಕೊಟ್ಟರು. ಜಗಲಿಯ ಮೇಲೆ ನಾಲ್ಕು ಕುರ್ಚಿ ಹಾಕಿದ್ದರು. ಹುಡುಗನ ಅಪ್ಪ ಗಟ್ಟಿ ಗಂಟಲಿನ ಮನುಷ್ಯ. ಹುಡುಗ ನೀರಿನ ಚೊಂಬು ಹಿಡಿದು ಓಡಾಡುತ್ತಿದ್ದ. ಅವನ ಅಮ್ಮ ನಾಗಮ್ಮ, ಸವಿತ ಹೇಳಿದ ಹಾಗೇ, ಅಡುಗೆಮನೆ ಬಾಗಿಲ ಹತ್ತಿರ ನಿಂತಿದ್ದಳು. ನಾನು ಎರಡು ಸಲ ಮಾತಾಡಿಸಿದೆ. ಎರಡು ಸಲವೂ ತಲೆ ಆಡಿಸಿದಳು, ಅಷ್ಟೆ.

"ನಾಲ್ಕ್ ಜನ ಅಂದಿದ್ರಿ. ಇನ್ನೊಬ್ರು ಎಲ್ಲಿ?" ಅಂದ ಹುಡುಗನ ಅಪ್ಪ.

"ಬತ್ತಾ... ಬತ್ತಾವ್ರೆ," ಅಂದ ಶಿವಣ್ಣ.

"ದಾರಿ ಗೊತ್ತಾಯ್ತದಾ? ಲೇ ಮಂಜ, ರಸ್ತೆಗಂಟ ಓಗಿ ಕರ್ಕಂಬಾ."

ಹುಡುಗ ಚೊಂಬು ಇಟ್ಟು ಚಪ್ಪಲಿ ಮೆಟ್ಟಿಕೊಂಡ. ಇಲ್ಲದವರನ್ನು ಕರೆತರಲು ಅವನು ಬಿಸಿಲಲ್ಲಿ ಹೋಗುವುದನ್ನು ನೋಡಿಕೊಂಡು ಕೂರುವುದು ನನಗೆ ಸರಿಕಾಣಲಿಲ್ಲ.

"ಓಗ್ಬ್ಯಾಡ ಕಣಪ್ಪ. ಚೀಲದಾಗವ್ರೆ," ಅಂದು ಕಲ್ಲು ತೆಗೆದು ನಾಲ್ಕನೇ ಕುರ್ಚಿಯ ಮೇಲೆ ಇಟ್ಟೆ.

ಜಯಮ್ಮ ನನ್ನ ತೊಡೆ ಜಿಗುಟಿದಳು. ಶಿವಣ್ಣನ ಮುಖ ನೋಡಬೇಕಿತ್ತು, ಮೂರನೇ ಸಂಬಂಧವೂ ಅಲ್ಲೇ ಮುರಿದುಬಿತ್ತು ಅನ್ನುವ ಹಾಗಿತ್ತು. ಹುಡುಗನ ಅಪ್ಪ ಕಲ್ಲಿನ ಹತ್ತಿರ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತ.

"ಊರಿಂದ್ಲೇ ತಂದ್ರಾ, ಇಲ್ಲ ಈಗ ನಮ್ ಗೇಟ್ ತಾವ್ ಎತ್ಕಂಡ್ರಾ?"

"ಊರಿಂದ್ಲೇ. ಬಸ್ಸಿನಾಗೂ ನಾಲ್ಕ್ ಜನ ಅಂತ್ಲೇ ಏಳಿದೀವಿ," ಅಂದೆ.

"ಸದ್ಯ!" ಅಂದು ಅವನು ಎದೆ ಮೇಲೆ ಕೈ ಇಟ್ಟುಕೊಂಡ. "ಮೂರೇ ಜನ ಬಂದ್ಬುಟ್ರಲ್ಲಪ್ಪಾ, ಯಂಗ್ ಏಳದು ಅಂತ ನಾನ್ ಆಗ್ಲಿಂದ ಒದ್ದಾಡ್ತಾ ಇದೀನಿ."

ಶಕುನದಲ್ಲಿ ನಮ್ಮ ಶಿವಣ್ಣನಿಗೆ ದೊಡ್ಡಣ್ಣ ಆಗಬೇಕು ಇವನು. ಇಬ್ಬರೂ ಅಲ್ಲೇ ಕೂತು ಬೆಕ್ಕು ಅಡ್ಡ ಬಂದ ಕಥೆ, ಸೀನಿದ ಕಥೆ ಶುರುಮಾಡಿದರು. ಜಮೀನು ನೋಡುವುದು ಊಟ ಆದ ಮೇಲೆ ಅಂತಾಯಿತು.

ಊಟಕ್ಕೆ ಒಬ್ಬಟ್ಟು ಮಾಡಿದ್ದರು. ನಡುಮನೆಯಲ್ಲಿ ನಾಲ್ಕು ಎಲೆ. ನಾಗಮ್ಮ ನಾಲ್ಕಕ್ಕೂ ಉಪ್ಪು, ಪಲ್ಯ, ಕೋಸಂಬರಿ ಬಡಿಸಿಕೊಂಡು ಹೋದಳು. ನಾವು ಮೂರು ಜನ ಕೂತೆವು. ನಾಲ್ಕನೇ ಎಲೆ ಹಾಗೇ ಇತ್ತು.

"ಇದ್ಕೆ ಯಾರ್ ಕೂರದು?" ಅಂದಳು ಜಯಮ್ಮ.

"ಹಸುಗ್ ಆಕಿದ್ರಾಯ್ತು," ಅಂದ ಹುಡುಗನ ಅಪ್ಪ. ಆಮೇಲೆ ಅವನಿಗೇ ಸಮಾಧಾನವಾಗಲಿಲ್ಲ. "ಊಂಹೂಂ. ಬಡ್ಸಿದ್ ಎಲೆ ಎತ್ತಬಾರ್ದು. ಎತ್ತಿದ್ರೆ ಮೂರೇ ಆಯ್ತದೆ."

"ನೀವೇ ಕುಂತ್ಕಳಿ ಮತ್ತೆ."

"ನೆಂಟ್ರು ಉಂಡೇಳಗಂಟ ಯಜಮಾನ ನಿಂತಿರ್ಬೇಕಲ್ಲಮ್ಮ."

ಆಗ ಹುಡುಗ ಬಾಗಿಲ ಕಡೆ ತಿರುಗಿದ. "ಅವ್ವ, ನೀ ಕುಂತ್ಕ."

ನಾಗಮ್ಮ ಸೌಟು ಹಿಡಿದುಕೊಂಡು ನಿಂತಲ್ಲೇ ನಿಂತಳು. ಆ ಮನೆಯಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಆಗ ಬಂತು. "ಥೂ, ನಾನ್ ಕುಂತ್ರೆ ಬಡ್ಸೋರ್ ಯಾರ್ಲಾ?"

"ನಾನಿಲ್ವಾ? ತತ್ತಾ ಇಲ್ಲಿ." ಅವಳ ಕೈಯಿಂದ ಸೌಟು ಕಿತ್ತುಕೊಂಡ.

"ನಿಂಗೇನ್ ಗೊತ್ತಾಯ್ತದ್ಲಾ ಬಡ್ಸದು?" ಅಂದ ಅಪ್ಪ.

"ಬಡುಸ್ತಾ ಬಡುಸ್ತಾ ಗೊತ್ತಾಯ್ತದೆ ಬುಡಪ್ಪ."

ನಾಗಮ್ಮ ಗಂಡನ ಮುಖ ನೋಡಿದಳು. ಗಂಡ ಖಾಲಿ ಎಲೆ ನೋಡಿದ. ಹೆಂಡತಿ ನೆಂಟರ ಸಾಲಿನಲ್ಲಿ ಕೂರುವುದು ದೊಡ್ಡದೋ, ಮೂರು ಎಲೆಯ ದೋಷ ದೊಡ್ಡದೋ ಅಂತ ಅವನು ತೂಗುತ್ತಿದ್ದದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು. "ಕುಂತ್ಕ ಅತ್ಲಾಗೆ, ಎಲೆ ಖಾಲಿ ಬುಡ್ಬ್ಯಾಡ," ಅಂದ.

ಅವಳು ನನ್ನ ಪಕ್ಕ ಬಂದು, ಯಾರಾದರೂ ಏಳು ಅಂದರೆ ಏಳುವ ಹಾಗೆ, ಒಂದು ಮಂಡಿ ಎತ್ತಿಕೊಂಡು ಕೂತಳು.

ಹುಡುಗ ಬಡಿಸಿದ್ದನ್ನು ಏನು ಹೇಳಲಿ. ಅನ್ನವನ್ನು ಗುಡ್ಡೆ ಹಾಕಿದ. ಜಯಮ್ಮ ಸಾಕು ಸಾಕು ಅಂತ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಹಾಕಿದ. ತುಪ್ಪವನ್ನು ಪಲ್ಯಕ್ಕೆ ಬಿಟ್ಟ. ನನ್ನ ಎಲೆಯಲ್ಲಿ ಒಬ್ಬಟ್ಟಿನ ಮೇಲೆ ಸಾರು ಸುರಿದ. ಅವನ ಅಪ್ಪ ಪಕ್ಕದಲ್ಲಿ ನಿಂತು "ಅಲ್ಲಲ್ಲ, ಎಡಕ್ಕೆ, ಎಡಕ್ಕೆ" ಅಂತ ಕೂಗುತ್ತಿದ್ದ. ಎಡ ಯಾವುದು ಅಂತ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾಗಮ್ಮ ಏಳಲು ಹೋದಾಗಲೆಲ್ಲ ಹುಡುಗ ಅವಳ ಹೆಗಲು ಅದುಮಿ ಕೂರಿಸಿದ. ಮೂರು ಸಲ ಎದ್ದಳು, ಮೂರು ಸಲ ಕೂರಿಸಿದ. ನಾಲ್ಕನೇ ಸಲ ಅವಳೇ ಏಳಲಿಲ್ಲ. ಎತ್ತಿದ್ದ ಮಂಡಿ ಇಳಿಸಿ ಚಕ್ಕಳಮಕ್ಕಳ ಹಾಕಿಕೊಂಡಳು.

ಮಗ ಬಿಸಿ ಕಾವಲಿಯ ಮೇಲಿಂದ ಆಗ ತಾನೇ ತಂದ ಒಬ್ಬಟ್ಟನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಅಗಿದಳು.

"ಬಿಸೀದು ಇಷ್ಟ್ ಮೆತ್ತಗಿರ್ತದಾ?" ಅಂತ ನನ್ನನ್ನು ಕೇಳಿದಳು. ಮಾಡಿದವಳೇ ಕೇಳಿದಳು.

"ಇರ್ತದೆ ಕಣವ್ವ. ಆರೋದ್ ಮ್ಯಾಲೆ ನಾವ್ ತಿನ್ನದಲ್ವಾ, ನಮಗ್ ಗೊತ್ತಾಗಾಕಿಲ್ಲ."

ಅಲ್ಲಿಂದ ಅವಳ ಬಾಯಿ ನಿಲ್ಲಲಿಲ್ಲ. ಹುಡುಗಿಗೆ ಕಾರ ಆಗುತ್ತದಾ, ಬಿದಿರ ಕಳಲೆ ತಿನ್ನುತ್ತಾಳಾ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ, ಲೇಟಾಗಿ ಎದ್ದರೂ ಪರವಾಗಿಲ್ಲ, ಅಂಗಡಿ ಕೆಲಸ ಬಿಡಬೇಡ ಅನ್ನಿ, ಸರಗೂರಿನಲ್ಲೂ ಬಟ್ಟೆ ಅಂಗಡಿ ಇವೆ. ನನಗೆ ತಡೆಯಲಾಗಲಿಲ್ಲ.

"ಇಷ್ಟ್ ಮಾತಾಡ್ತಿಯಲ್ಲ, ಅವತ್ತು ನಮ್ಮೂರ್ಗ್ ಬಂದಾಗ ಬಾಯಿಗ್ ಏನಾಗಿತ್ತು?"

"ಹಿಂದ್ಲ್ ದಿನ ದವಡೆ ಅಲ್ಲು ಕೀಳುಸ್ಕಂಡಿದ್ದೆ ಕಣಕ್ಕ. ಬಾಯಿ ಬುಟ್ರೆ ಡಾಕ್ಟ್ರು ಇಟ್ಟಿದ್ ಅತ್ತಿ ಬೀಳದು. ಒಳಗ್ ಬಂದ್ರೆ ಕಾಪಿ ಕುಡಿ ಅಂತಾರಲ್ಲ ಅಂತ ಬಾಗ್ಲಾಗೇ ನಿಂತ್ಕಂಡೆ."

ನಾವಿಬ್ಬರೂ ನಕ್ಕಿದ್ದಕ್ಕೆ ಅವಳ ಗಂಡ ತಿರುಗಿ ನೋಡಿದ. ಅವಳು ನಗು ನಿಲ್ಲಿಸಲಿಲ್ಲ. ಆದರೆ ಹಲ್ಲಿನ ಕಥೆ ಒಂದನ್ನೇ ನಂಬಿ ಹೂಂ ಅನ್ನುವ ಹೆಂಗಸಲ್ಲ ನಾನು. ಬಿಸಿ ಒಬ್ಬಟ್ಟು ಮೆತ್ತಗಿರುತ್ತದೆ ಅಂತ ಅವಳಿಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ ಅಂದರೆ, ಆ ಮನೆಯ ಪದ್ಧತಿ ಏನು ಅಂತ ನನಗೆ ಗೊತ್ತಾಯಿತು. ಎಲ್ಲ ಮನೆಯ ಪದ್ಧತಿಯೂ ಅದೇ, ನನ್ನದೂ ಅದೇ. ನಾನು ನೋಡಬೇಕಾಗಿದ್ದದ್ದು ಸೌಟು ಯಾರು ಕಿತ್ತುಕೊಂಡರು ಅನ್ನುವುದನ್ನು. ಅದನ್ನು ನೋಡಿಯಾಗಿತ್ತು.

ಊಟವಾದ ಮೇಲೆ ಶಿವಣ್ಣ ಜಮೀನು ಮೆಟ್ಟಿ ಬಂದ. ಜಯಮ್ಮ ನಲ್ಲಿ ತಿರುಗಿಸಿದಳು, ನೀರು ಬಂತು. ಕಲ್ಲನ್ನು ವಾಪಸ್ ಹೊರುವುದಿಲ್ಲ ಅಂತ ನಾನು ಹಟ ಹಿಡಿದೆ. ಹುಡುಗನ ಅಪ್ಪ ಅದನ್ನು ಹಿತ್ತಿಲ ತೆಂಗಿನಮರದ ಬುಡಕ್ಕೆ ಇಟ್ಟ. ವಾಪಸ್ ಮೂರು ಜನ ಹೋಗಬಹುದಾ ಅಂತ ಶಿವಣ್ಣ ಅವನನ್ನೇ ಕೇಳಿದ. ಹೋಗುವಾಗ ಮಾತ್ರ ನೋಡಬೇಕು, ಬರುವಾಗ ಲೆಕ್ಕವಿಲ್ಲ ಅಂತ ತೀರ್ಮಾನ ಕೊಟ್ಟ.

ಸರಗೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಜಯಮ್ಮನ ಫೋನು ಹೊಡೆದುಕೊಂಡಿತು. ಸವಿತ. ಅಪ್ಪನೂ ಬೇಡ ಅಮ್ಮನೂ ಬೇಡ, ಅತ್ತೆಗೆ ಕೊಡಿ ಅಂದಳಂತೆ.

"ಅತ್ತೆ, ನೋಡಿದ್ಯಾ? ಹೆಂಗವ್ರೆ? ಬೇಗ ಹೇಳು."

ಬಸ್ಸು ಬರುತ್ತಿತ್ತು. ಜನ ನುಗ್ಗುತ್ತಿದ್ದರು. ಉದ್ದಕ್ಕೆ ಹೇಳಲು ಪುರುಸೊತ್ತಿರಲಿಲ್ಲ.

"ಬಡ್ಸಾಕ್ ಬರಾಕಿಲ್ಲ ಕಣವ್ವ ಆ ಹುಡ್ಗುಂಗೆ," ಅಂದೆ. "ಸಾರ್ನ ಒಬ್ಬಟ್ಟಿನ್ ಮ್ಯಾಲೇ ಉಯ್ದ. ಹೂಂ ಅನ್ನು."